ಆರ್ಡಿತ್ ಹೊಲಿಸಿದ ಪಟ್ಟೆ ಕೌದಿ

ಕೆಸ್ಟರ್ ಊರಿನಲ್ಲಿ ಆರ್ಡಿತ್ ಫೆನ್ನರ್‌ಳ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ ಅವಳ ಗಂಡ ಆರ್ವಿಲ್, ಅವನಿಗೆ ಕಿವಿ ಕೇಳುವುದಿಲ್ಲ. ಇನ್ನೊಬ್ಬಳು ಗೆಳತಿ ಲವಾನ್ ಹೋಕ್, ಅವಳಿಗೆ ನಲವತ್ತು ವರ್ಷದಿಂದ ರೂಢಿಯಾಗಿಹೋಗಿದೆ. ಮಿಕ್ಕವರೆಲ್ಲ ಅವಳೆದುರು ಮಾತನ್ನು ಅಳೆದೇ ಆಡುವವರು. ಹಾಗಂತ ಕೆಟ್ಟ ಹೆಂಗಸಲ್ಲ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಸೌಟು ಹಿಡಿದವಳು. ಪಾದ್ರಿಯ ಮಗನಿಗೂ ಒಂದೇ ಸೌಟು ಆಲೂಗಡ್ಡೆ, ಊರ ಕುಡುಕನ ಮಗಳಿಗೂ ಒಂದೇ ಸೌಟು. ತಟ್ಟೆ ಮುಂದೆ ಮಾಡಿ ಹಲ್ಲು ಕಿರಿದರೆ ಕರಗುವ ಜಾತಿಯಲ್ಲ. ಅವಳು ಯಾರನ್ನಾದರೂ ಹೊಗಳುವುದು ಅಪರೂಪ, ಹೊಗಳಿದರೆ ಅದು ನಿಜವೇ ಆಗಿರುತ್ತಿತ್ತು. ಅದಕ್ಕೇ ಊರು ಅವಳನ್ನು ನಂಬುತ್ತಿತ್ತು. ಅವಳಿಗೂ ಅದರ ಬಗ್ಗೆ ಒಳಗೊಳಗೇ ಜಂಬವಿತ್ತು, ಯಾಕೆ ಮುಚ್ಚಿಡಬೇಕು?

ಕೆಲಸ ಬಿಟ್ಟ ಮೇಲೆ ಸೌಟಿನ ಜಾಗಕ್ಕೆ ಕತ್ತರಿ ಬಂತು. ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಬುಧವಾರ ಏಳು ಜನ ಹೆಂಗಸರು ಮರದ ಚೌಕಟ್ಟಿನ ಸುತ್ತ ಕುಳಿತು ಕೌದಿ ಹೊಲಿಯುತ್ತಾರೆ, ಬಟ್ಟೆ ಕತ್ತರಿಸುವವಳು ಆರ್ಡಿತ್. ಮದುವೆಗೊಂದು, ಹುಟ್ಟಿದ ಕೂಸಿಗೊಂದು, ಮನೆ ಸುಟ್ಟುಹೋದವರಿಗೊಂದು. ಎಲ್ಲಕ್ಕಿಂತ ದೊಡ್ಡದು ಕ್ವಾರ್ಟರ್‌ಬ್ಯಾಕ್‌ನ ಕೌದಿ. ಊರಿನ ಕಾಲೇಜು ಚಿಕ್ಕದು. ಆದರೆ ಶನಿವಾರ ಕೈಯಲ್ಲಿ ಚೆಂಡು ಎಸೆದಾಡುವ ಅಮೆರಿಕನ್ ಫುಟ್‌ಬಾಲ್ ಇದ್ದರೆ ಅಂಗಡಿಗಳೆಲ್ಲ ಬಾಗಿಲು ಹಾಕಿ ಮೈದಾನಕ್ಕೆ ಹೋಗುತ್ತವೆ. ಚೆಂಡು ಎಸೆಯುವವನು, ಆಟವನ್ನೆಲ್ಲ ನಡೆಸುವವನು ಕ್ವಾರ್ಟರ್‌ಬ್ಯಾಕ್. ಗೆದ್ದರೆ ಅವನಿಂದ, ಸೋತರೂ ಅವನಿಂದಲೇ. ಅವನು ನಾಲ್ಕು ವರ್ಷ ಆಡಿ ಮುಗಿಸಿದ ಮಾರನೆಯ ದಿನ, ಭಾನುವಾರದ ಊಟದಲ್ಲಿ, ಎಲ್ಲರೆದುರು ಅವನ ಹೆಗಲಿಗೆ ನೀಲಿ ಬಿಳಿ ಕೌದಿ ಹೊದಿಸುತ್ತಾರೆ. ಹೊಳೆಯಾಚೆಯ ಮಾರ್ಬಿ ಕಾಲೇಜನ್ನು ಒಂದು ಸಲವಾದರೂ ಸೋಲಿಸಿದ್ದರೆ ಎಂಟು ಮೂಲೆಯ ನಕ್ಷತ್ರದ ಕೌದಿ. ಇಲ್ಲದಿದ್ದರೆ ಪಟ್ಟೆ ಕೌದಿ. ಉದ್ದುದ್ದ ಪಟ್ಟೆ, ಅಷ್ಟೇ. ಬೆಚ್ಚಗೇನೋ ಇರುತ್ತದೆ. ಆದರೆ ಅದನ್ನು ಹೊದ್ದವನನ್ನು ಊರು ಸಾಯುವವರೆಗೂ ಪಟ್ಟೆಯವನೆಂದೇ ಕರೆಯುತ್ತದೆ. ಹಾರ್ಡ್‌ವೇರ್ ಅಂಗಡಿಯ ಲೈಲ್‌ಗೆ ಈಗ ಎಪ್ಪತ್ತು ದಾಟಿದೆ. ಇವತ್ತಿಗೂ ಅವನು ಮೊಳೆ ತೂಗುವಾಗ ಯಾರಾದರೊಬ್ಬರು ಪಟ್ಟೆಯ ಮಾತು ತೆಗೆದು ಕಾಲೆಳೆಯುತ್ತಾರೆ. ಅವನೂ ನಗುತ್ತಾನೆ, ನಗದೆ ಏನು ಮಾಡಿಯಾನು?

ಇದರಲ್ಲೊಂದು ತೊಡಕಿತ್ತು. ಕೌದಿಗೆ ಎಂಟು ವಾರದ ಹೊಲಿಗೆ ಬೇಕು, ಮಾರ್ಬಿಯ ಮೇಲಿನ ಆಟ ನವೆಂಬರಿನಲ್ಲಿ, ಎಲ್ಲಕ್ಕಿಂತ ಕೊನೆಗೆ. ಹಾಗಾಗಿ ಸೆಪ್ಟೆಂಬರಿನಲ್ಲೇ ಬಟ್ಟೆ ಕತ್ತರಿಸಬೇಕು. ಅಂದರೆ ಹುಡುಗ ಇನ್ನೂ ಆಡುತ್ತಿರುವಾಗಲೇ ಅವನು ಎಂಥವನು ಅಂತ ಏಳು ಜನ ಹೆಂಗಸರು ತೀರ್ಮಾನ ಮಾಡಿ ಕೂರಬೇಕು. ಸಾಮಾನ್ಯವಾಗಿ ತೊಂದರೆ ಬರುತ್ತಿರಲಿಲ್ಲ, ಅಷ್ಟರೊಳಗೆ ಹುಡುಗರು ಒಂದು ಸಲವಾದರೂ ಗೆದ್ದಿರುತ್ತಿದ್ದರು. ಆರ್ಡಿತ್ ಕತ್ತರಿ ಹಿಡಿದ ಮೇಲೆ ಒಬ್ಬನಿಗೆ ಮಾತ್ರ ಗೆಲ್ಲದೆಯೇ ಕೊನೆಯ ವರ್ಷ ಬಂದಿತ್ತು. ಅವಳು ಪಟ್ಟೆ ಕತ್ತರಿಸಿದಳು, ನವೆಂಬರಿನಲ್ಲಿ ಅವನು ಸೋತ. ಅಲ್ಲಿಗೆ ಅವಳಿಗೆ ತನ್ನ ಕಣ್ಣಿನ ಮೇಲೆ ಇನ್ನಿಲ್ಲದ ನಂಬಿಕೆ ಬಂತು.

ಎರಡನೆಯವನು ಡೆರಿನ್ ಹೋಕ್, ಲವಾನ್‌ಳ ಮೊಮ್ಮಗ.

ತಾಯಿಗೆ ಆಸ್ಪತ್ರೆಯಲ್ಲಿ ಪಾಳಿ ಕೆಲಸ. ಹುಡುಗ ಬೆಳೆದದ್ದೆಲ್ಲ ಅಜ್ಜಿಯ ಮನೆಯಲ್ಲಿ, ಬುಧವಾರಗಳಲ್ಲಿ ಕೌದಿಯ ಚೌಕಟ್ಟಿನ ಕೆಳಗೆ. ಬಿದ್ದ ಸೂಜಿಗಳನ್ನು ಅಯಸ್ಕಾಂತ ಹಿಡಿದು ಹೆಕ್ಕುತ್ತಿದ್ದ. ಒಳ್ಳೆಯ ಹುಡುಗ, ಕೈಯೂ ಒಳ್ಳೆಯದು. ಆದರೆ ಮಾರ್ಬಿಯೆದುರು ನಿಂತರೆ ಅದೇನಾಗುತ್ತಿತ್ತೋ, ಮೂರು ವರ್ಷ ಮೂರು ಸೋಲು. ಮೂರನೆಯದರಲ್ಲಂತೂ ಚೆಂಡನ್ನು ನೇರ ಎದುರಾಳಿಯ ಕೈಗೇ ಎಸೆದುಕೊಟ್ಟ. ಊರು ಆ ಚಳಿಗಾಲವಿಡೀ ಅದನ್ನೇ ಅಗಿಯಿತು. ಕಾಫಿ ಅಂಗಡಿಯಲ್ಲಿ ಕೂತ ಮುದುಕರು ಅವನ ನಾಲ್ಕು ವರ್ಷದ ಲೆಕ್ಕ ಮೂರನೆಯ ವರ್ಷಕ್ಕೇ ಮುಗಿಸಿಬಿಟ್ಟಿದ್ದರು. ತಾವು ಒಂದು ದಿನವೂ ಚೆಂಡು ಮುಟ್ಟದವರ ನ್ಯಾಯ ಯಾವಾಗಲೂ ಬೇಗ ಮುಗಿಯುತ್ತದೆ.

ಸೆಪ್ಟೆಂಬರಿನ ಆ ಬುಧವಾರ ಆರ್ಡಿತ್ ನೀಲಿ ಬಟ್ಟೆ ಹರಡಿ ಕತ್ತರಿ ಎತ್ತಿದಾಗ ಲವಾನ್ ಮೊದಲ ಸಲ ಬಾಯಿ ತೆರೆದಳು. ನವೆಂಬರಿನ ಆಟ ಮುಗಿಯಲಿ, ಆಮೇಲೆ ನಾನೊಬ್ಬಳೇ ಕೂತು ಹೊಲಿಯುತ್ತೇನೆ, ಕ್ರಿಸ್‌ಮಸ್‌ಗೆ ಕೊಟ್ಟರಾಯಿತು ಎಂದಳು. ಕೌದಿ ಯಾವತ್ತೂ ತಡವಾದದ್ದಿಲ್ಲ ಎಂದಳು ಆರ್ಡಿತ್. ಒಂದು ಸಲ ತಡವಾದರೆ ಆಕಾಶವೇನೂ ಬೀಳುವುದಿಲ್ಲ ಎಂದಳು ಲವಾನ್.

"ಬೇರೆಯವರ ಹುಡುಗ ಆಗಿದ್ರೆ ಕೇಳ್ತಿದ್ಯೇನೇ ಇದನ್ನ?" ಎಂದಳು ಆರ್ಡಿತ್.

ಕಡ್ಡಿ ಮುರಿದ ಹಾಗೆ ಅಂದುಬಿಟ್ಟಳು. ಉಳಿದ ಐವರು ತಲೆ ಬಗ್ಗಿಸಿ ದಾರ ಹುಡುಕತೊಡಗಿದರು. ಆರ್ಡಿತ್ ಪಟ್ಟೆ ಕತ್ತರಿಸಿದಳು, ಲವಾನ್ ತನ್ನ ಪಾಲಿನ ಪಟ್ಟೆಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ಹೋದಳು.

ಕೌದಿಯ ವಿಷಯ ಆಟಗಾರನಿಗೆ ಗೊತ್ತಾಗಬಾರದು ಅನ್ನುವುದು ರೂಢಿ. ಆದರೆ ಚೌಕಟ್ಟಿನ ಕೆಳಗೆ ಬೆಳೆದ ಹುಡುಗನಿಂದ ಏನು ಬಚ್ಚಿಡುತ್ತೀರಿ? ನಕ್ಷತ್ರಕ್ಕೆ ಯಾವ ತುಂಡು, ಪಟ್ಟೆಗೆ ಯಾವ ತುಂಡು ಅಂತ ಅವನಿಗೆ ಆರನೇ ವಯಸ್ಸಿಗೇ ಗೊತ್ತು. ಅಕ್ಟೋಬರ್ ಮಧ್ಯದಲ್ಲಿ ಒಂದು ಮಧ್ಯಾಹ್ನ ಚರ್ಚಿನ ಊಟಕ್ಕೆ ಮೇಜು ಎತ್ತಿಕೊಡಲು ಬಂದವನು ಆರ್ಡಿತ್ ಒಬ್ಬಳೇ ಇರುವುದನ್ನು ನೋಡಿ ನಿಂತ. ಹಿಂದಿನ ಶನಿವಾರ ಅವನ ತಲೆಗೆ ಬಲವಾದ ಏಟು ಬಿದ್ದಿತ್ತು, ಆದರೂ ಎದ್ದು ಆಡಿದ್ದ. ಊರು ಭಲೇ ಅಂದಿತ್ತು.

"ಮಿಸೆಸ್ ಫೆನ್ನರ್, ಅಜ್ಜಿ ಡಬ್ಬೀಲಿ ಬರೀ ಪಟ್ಟೆ ಇದಾವೆ," ಎಂದ.

ಆರ್ಡಿತ್ ಸುಳ್ಳು ಹೇಳುವವಳಲ್ಲವಲ್ಲ. "ಹೌದಪ್ಪ. ಕಣ್ಣಿಗೆ ಕಂಡಿದ್ದನ್ನ ಕತ್ತರಿಸ್ತೀನಿ. ಮುಂದೆ ಆಗೋದನ್ನ ಯಾರು ಕಂಡಿದಾರೆ?"

"ನ್ಯಾಯವೇ ಬಿಡಿ," ಎಂದು ನಕ್ಕ. ಮೇಜು ಎತ್ತಿಟ್ಟ. ಎತ್ತಿಟ್ಟವನು ಟ್ಯೂಬ್‌ಲೈಟ್ ಕಡೆ ನೋಡಿ ಕಣ್ಣು ಕಿರಿದು ಮಾಡಿದ, ಹಣೆ ಉಜ್ಜಿಕೊಂಡ, ಆಮೇಲೆ ಈಗಷ್ಟೇ ಬಂದವನ ಹಾಗೆ ಮತ್ತೆ ಹೇಳಿದ: "ಮಿಸೆಸ್ ಫೆನ್ನರ್, ಅಜ್ಜಿ ಡಬ್ಬೀಲಿ ಬರೀ ಪಟ್ಟೆ ಇದಾವೆ." ಅದೇ ಮಾತು, ಅದೇ ದನಿ. ಆರ್ಡಿತ್‌ಗೆ ಅದು ವಿಚಿತ್ರ ಅನ್ನಿಸಿತು. ಹುಡುಗ ಮೊಂಡಾಟ ಮಾಡುತ್ತಿದ್ದಾನೆ, ಎರಡು ಸಲ ಕೇಳಿದರೆ ಕರಗುತ್ತೇನೆ ಅಂದುಕೊಂಡಿದ್ದಾನೆ ಎಂದುಕೊಂಡಳು. "ಒಂದ್ಸಲ ಹೇಳಿದೀನಿ," ಎಂದು ಬೆನ್ನು ತಿರುಗಿಸಿ ಕಾಫಿ ಪಾತ್ರೆ ತೊಳೆಯಲು ನಿಂತಳು. ಯಾರಿಗೂ ಹೇಳಲಿಲ್ಲ. ಒಂದು ಮಾತು, ಲವಾನ್‌ಗೆ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು.

ನವೆಂಬರಿನ ಶನಿವಾರ ಮಧ್ಯಾಹ್ನ ಮೂಳೆ ಕೊರೆಯುವ ಚಳಿ. ಆರ್ಡಿತ್ ಮಡಿಲ ಮೇಲೆ ಕಂಬಳಿ ಹೊದ್ದು ತನ್ನ ಒಂಬತ್ತನೆಯ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಲವಾನ್. ಸೆಪ್ಟೆಂಬರಿನಿಂದ ಇಬ್ಬರ ನಡುವೆ ಬೇಕಾದಷ್ಟೇ ಮಾತು. ಕೌದಿ ಚರ್ಚಿನ ಬೀರುವಿನಲ್ಲಿ ಮಡಚಿಟ್ಟು ಸಿದ್ಧವಾಗಿತ್ತು. ಆಟ ಮುಗಿಯಲು ಕೆಲವೇ ಕ್ಷಣ ಇರುವಾಗ ಕೆಸ್ಟರ್ ನಾಲ್ಕು ಅಂಕ ಹಿಂದಿತ್ತು. ಡೆರಿನ್ ಹಿಂದಕ್ಕೆ ಸರಿದ, ಎಸೆದ. ಚೆಂಡು ಅರ್ಧ ಮೈದಾನ ದಾಟಿ ಕೊನೆಯ ಗೆರೆಯಾಚೆ ತನ್ನವನ ಎದೆಗೇ ಹೋಗಿ ಬಿತ್ತು. ಅದು ಬೀಳುವಷ್ಟರಲ್ಲಿ ಮಾರ್ಬಿಯ ದಢೂತಿ ಆಟಗಾರನೊಬ್ಬ ಡೆರಿನ್‌ನನ್ನು ಎತ್ತಿ ನೆಲಕ್ಕೆ ಕುಕ್ಕಿದ್ದ. ಅದನ್ನು ಯಾರು ನೋಡಿದರು? ಎಲ್ಲರ ಕಣ್ಣೂ ಚೆಂಡಿನ ಮೇಲೆ. ಅದಕ್ಕೆ ಆರು ಅಂಕ, ಗೆದ್ದಿದ್ದರು! ಲವಾನ್ ಅಳುತ್ತ ಆರ್ಡಿತ್‌ಳ ತೋಳು ಹಿಡಿದುಕೊಂಡಳು. ಆರ್ಡಿತ್‌ಗೆ ಬೀರುವಿನ ಪಟ್ಟೆ ಕೌದಿ ನೆನಪಾಯಿತು.

ಡೆರಿನ್ ಎದ್ದ. ನಿಧಾನವಾಗಿ ನಡೆದ. ನಡೆದು ಹೋಗಿ ಮಾರ್ಬಿಯವರ ಬೆಂಚಿನ ಮೇಲೆ, ಅವರ ಆಟಗಾರರ ನಡುವೆ ಕೂತ. ಅಣಕಿಸುತ್ತಿದ್ದಾನೆ ಎಂದುಕೊಂಡು ಇಡೀ ಊರು ಹೋ ಎಂದು ನಕ್ಕಿತು. ಆರ್ಡಿತ್ ಕೂಡ ನಕ್ಕಳು, ಜೋರಾಗಿಯೇ ನಕ್ಕಳು. ಅವನು ಶಿರಸ್ತ್ರಾಣದ ಪಟ್ಟಿ ಬಿಚ್ಚಲು ತಡಕಾಡಿದ, ಅದು ಕೈಗೆ ಸಿಗಲಿಲ್ಲ, ಹಾಗೇ ಪಕ್ಕಕ್ಕೆ ವಾಲಿ ಬಿದ್ದ. ಆಗಲೂ ಕೆಲವರು ಇನ್ನೂ ನಗುತ್ತಲೇ ಇದ್ದರು.

ಮಾರನೆಯ ದಿನದ ಊಟ ಯಾರ ಗಂಟಲಿನಲ್ಲೂ ಇಳಿಯಲಿಲ್ಲ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಡೆರಿನ್‌ನ ತಲೆಬುರುಡೆ ತೆರೆದು ರಕ್ತ ತೆಗೆದಿದ್ದರು. ಹಳೆಯ ಏಟಿನ ಮೇಲೆ ಹೊಸ ಏಟು ಎಂದರು ಡಾಕ್ಟರು. ಅಕ್ಟೋಬರಿನಿಂದಲೂ ಅವನಿಗೆ ತಲೆನೋವು, ಮರೆವು, ಬೆಳಕು ಕಂಡರಾಗದು. ಎಲ್ಲವನ್ನೂ ಮುಚ್ಚಿಟ್ಟು ಆಡಿದ್ದ, ಹೇಳಿದರೆ ಮಾರ್ಬಿಯ ಆಟಕ್ಕೆ ಬಿಡುತ್ತಿರಲಿಲ್ಲವಲ್ಲ. ಜೀವ ಉಳಿಯಿತು. ಮಿಕ್ಕಿದ್ದರಲ್ಲಿ ಎಷ್ಟು ಉಳಿದಿದೆ ಎಂದು ಯಾರೂ ಹೇಳಲಿಲ್ಲ.

ಆರ್ಡಿತ್ ಬೀರು ತೆಗೆದು ಕೌದಿಯನ್ನು ಮನೆಗೆ ತಂದಳು. ಊಟದ ಮೇಜಿನ ಮೇಲೆ ಹರಡಿ ಹೊಲಿಗೆ ಬಿಚ್ಚತೊಡಗಿದಳು. ಉಳಿದವರ ಹೊಲಿಗೆ ಬೇಗ ಬಿಚ್ಚಿತು. ಲವಾನ್‌ಳದು ಬಿಚ್ಚಲು ಬರಲಿಲ್ಲ. ಅಷ್ಟು ಸಣ್ಣ, ಅಷ್ಟು ಒತ್ತು ಹೊಲಿಗೆ. ಮೊಮ್ಮಗನ ಸೋಲನ್ನು ಅವಳು ಮದುವೆಯ ಕೌದಿಗಿಂತ ಮುತುವರ್ಜಿಯಿಂದ ಹೊಲಿದಿದ್ದಳು. ಆರ್ಡಿತ್ ಒಂದೊಂದೇ ಎಳೆ ಸೂಜಿಯಿಂದ ಎಬ್ಬಿಸಿ ಕತ್ತರಿಸುತ್ತ ಹೋದಳು. ಅವಳ ಜೀವಮಾನದಲ್ಲಿ ಹಾಕಿದ ಹೊಲಿಗೆ ಬಿಚ್ಚಿದ್ದು ಅದೇ ಮೊದಲು. ಊಟಕ್ಕೆ ಎಲ್ಲಿ ಕೂರಲಿ ಎಂದು ಕೇಳಿದ ಆರ್ವಿಲ್‌ಗೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಳ್ಳಲು ಕೈಸನ್ನೆ ಮಾಡಿದಳು. ಪಾಪ, ಜನವರಿ ಮುಗಿಯುವವರೆಗೂ ಅವನು ಹಾಗೇ ಉಂಡ.

ಮಧ್ಯೆ ಒಂದು ದಿನ ಲವಾನ್ ಬಂದಳು. ಆರ್ಡಿತ್ ತಡೆಯಲಾರದೆ ಹೇಳಿಬಿಟ್ಟಳು, ಅಕ್ಟೋಬರಿನಲ್ಲಿ ಅವನು ಒಂದೇ ಮಾತು ಎರಡು ಸಲ ಆಡಿದ್ದು, ತಾನು ನೋಡಿಯೂ ಸುಮ್ಮನಿದ್ದದ್ದು. ಗೆಳತಿ ಬೈಯುತ್ತಾಳೆ ಎಂದು ಕಾದಳು. ಬೈದಿದ್ದರೇ ಚೆನ್ನಾಗಿತ್ತು.

"ನಾನೂ ನೋಡಿದ್ದೆ ಕಣೇ," ಎಂದಳು ಲವಾನ್. "ಬೂಟನ್ನ ಫ್ರಿಜ್‌ನಲ್ಲಿ ಇಟ್ಟಿದ್ದ. ನಕ್ಷತ್ರ ಸಿಕ್ಕಿಬಿಡ್ಲಿ ಅಂತ ನಾನೂ ಸುಮ್ಮನಿದ್ದೆ."

ಲವಾನ್ ಕುರ್ಚಿ ಎಳೆದುಕೊಂಡು ತನ್ನದೇ ಹೊಲಿಗೆ ಬಿಚ್ಚಲು ಕೂತಳು.

ಫೆಬ್ರವರಿಯಲ್ಲಿ ಡೆರಿನ್ ಅಜ್ಜಿಯ ಮನೆಗೆ ಬಂದ. ಆರ್ಡಿತ್ ಬಿಚ್ಚಿದ ಬಟ್ಟೆಯಲ್ಲೇ ಹೊಸದಾಗಿ ಹೊಲಿದ ನಕ್ಷತ್ರದ ಕೌದಿ ಮಡಚಿಕೊಂಡು ಹೋದಳು. ಹಗಲಿನಲ್ಲೂ ಕೋಣೆಯ ಪರದೆಗಳನ್ನು ಎಳೆದಿದ್ದರು. ಹುಡುಗ ಬೋಳು ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡು ದಿಂಬಿಗೆ ಒರಗಿದ್ದ. ಅವಳನ್ನು ಗುರುತು ಹಿಡಿದ, ಹೆಸರು ಹಿಡಿದು ಕರೆದ. ಆರ್ಡಿತ್‌ಗೆ ಹೋದ ಜೀವ ಬಂದ ಹಾಗಾಯಿತು. ಅವಳು ಕೌದಿಯನ್ನು ಅವನ ಕಾಲ ಮೇಲೆ ಹರಡಿದಳು. ಅವನು ಆ ಮಬ್ಬಿನಲ್ಲಿ ಬೆರಳಿನಿಂದ ತಡವಿದ. ಮೂಲೆ ಸಿಕ್ಕಿತು, ಇನ್ನೊಂದು ಮೂಲೆ ಸಿಕ್ಕಿತು. ಬೆರಳು ಅಲ್ಲೇ ನಿಂತಿತು.

"ಇದು ನಂದಲ್ಲ," ಎಂದ. "ನಂದು ಪಟ್ಟೆ. ನೀವೇ ಹೇಳಿದ್ರಿ."

ಅಕ್ಟೋಬರಿನ ಆ ಮಾತಿನ ನಂತರದ ಒಂದು ತಿಂಗಳು ಅವನ ತಲೆಯಲ್ಲಿ ಇರಲೇ ಇಲ್ಲ. ಮಾರ್ಬಿಯ ಆಟವಿಲ್ಲ, ಆ ಎಸೆತವಿಲ್ಲ. ಟೀವಿ, ಫೋನಿನ ಬೆಳಕು ಕಣ್ಣಿಗೆ ಆಗದು, ವಿಡಿಯೊ ತೋರಿಸುವ ಹಾಗಿಲ್ಲ. ಅಜ್ಜಿ, ಅಮ್ಮ, ಕೋಚ್ ಎಲ್ಲರೂ ಗೆದ್ದೆ ಗೆದ್ದೆ ಎಂದು ಹೇಳಿದ್ದರು. ಕಾಯಿಲೆಯವನಿಗೆ ಹೇಳುವ ಮಾತು ಅದು, ತನಗೆ ಅಷ್ಟೂ ತಿಳಿಯುವುದಿಲ್ಲವೇ ಎಂದು ಅವನು ಅವರಿಗೆಲ್ಲ ತಲೆಯಾಡಿಸಿ ಬಿಟ್ಟಿದ್ದ. ಈಗ ಟೋಪಿ ಸರಿಮಾಡಿಕೊಂಡು ಆರ್ಡಿತ್‌ಳನ್ನೇ ನೋಡಿದ.

"ನೀವು ಬಾಯಿಮಾತಿಗೆ ಏನೂ ಹೇಳೋರಲ್ಲ. ಅದಕ್ಕೇ ನೀವು ಬರ್ಲಿ ಅಂತ ಕಾಯ್ತಿದ್ದೆ. ನಿಜ ಹೇಳಿ, ನಾನು ಗೆದ್ನಾ?"

"ಗೆದ್ದೆ ಕಣಪ್ಪ," ಎಂದಳು ಆರ್ಡಿತ್. ಕಣ್ಣು ತುಂಬಿ ಬಂತು. ಅವಳು ಅತ್ತದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ, ಅವನೂ ಕಂಡಿರಲಿಲ್ಲ. "ಗೆದ್ದೆ. ನಾನು ನೋಡ್ದೆ, ಒಂಬತ್ತನೇ ಸಾಲಲ್ಲಿ ಕೂತಿದ್ದೆ. ಕೊನೇ ಎಸೆತ ನಿಂದೇ."

ಡೆರಿನ್ ಅವಳ ಕಣ್ಣೀರನ್ನು ತುಂಬ ಹೊತ್ತು ನೋಡಿದ. ಆಮೇಲೆ ಸಮಾಧಾನ ಮಾಡುವವನ ಹಾಗೆ ಅವಳ ಕೈ ತಟ್ಟಿದ.

"ಹೋಗ್ಲಿ ಬಿಡಿ, ಮಿಸೆಸ್ ಫೆನ್ನರ್," ಎಂದ. "ನೀವೂ ಬಾಯಿಮಾತು ಕಲಿತ್ಬಿಟ್ರಿ."

ಕೌದಿಯನ್ನು ಸರಿಯಾಗಿ ನಾಲ್ಕು ಮಡಿಕೆ ಮಾಡಿ, ಚೌಕಟ್ಟಿನ ಕೆಳಗೆ ಬೆಳೆದವನ ಕೈ ಅದು, ಅವಳ ಮಡಿಲಿಗೆ ಇಟ್ಟ. ನಿಜವಾಗಿ ಗೆದ್ದವನಿಗೆ ಕೊಡಿ ಎಂದ. ಗೋಡೆಯ ಕಡೆ ತಿರುಗಿ ಮಲಗಿದ. ಬಾಗಿಲಲ್ಲಿ ನಿಂತಿದ್ದ ಲವಾನ್ ಬಂದು ಆರ್ಡಿತ್‌ಳನ್ನು ಕೈಹಿಡಿದು ಎಬ್ಬಿಸಿ, ಅಡುಗೆಮನೆಗೆ ಕರೆದುಕೊಂಡು ಹೋಗಿ ಕೂರಿಸಿ, ಕಾಫಿಗೆ ನೀರಿಟ್ಟಳು.