ರಾಣಿಗೆ ಉಡಿಸಿದ ದಡಿ

ಕಂಪ್ಯೂಟರ್ ಆಟದೊಳಗಿನ ರಾಣಿಗೆ ನಾರಾಯಣಪೇಟೆ ಸೀರೆ ಉಡಿಸಬೇಕೆಂಬುದು ನನ್ನ ಹುಚ್ಚು. ಮೈತುಂಬ ಕಬ್ಬಿಣ ತೊಟ್ಟು ತಿರುಗುವ ಆ ಹೆಂಗಸನ್ನು ನೋಡಿದಾಗಲೆಲ್ಲ ನನಗೇ ಸೆಕೆಯಾಗುತ್ತಿತ್ತು. ಆಟಕ್ಕೆ ಹೊರಗಿನವರು ಹೀಗೆ ಜೋಡಿಸುವ ತುಂಡಿಗೆ ಮಾಡ್ ಎನ್ನುತ್ತಾರೆ. ಜೋಡಿಸುವುದು ಸುಲಭ, ಜೋಡಿಸಿದ ಮೇಲೆ ಆಟ ಕುಸಿಯದಂತೆ ನೋಡಿಕೊಳ್ಳುವುದು ಕಷ್ಟ. ಆ ವಿದ್ಯೆ ಕಲಿಸಿದವಳು ಗದ್ವಾಲದ ಗೆಳತಿ, ಕಾಲೇಜಿನಲ್ಲಿ ಮೂರು ವರ್ಷ ನನ್ನ ಡಬ್ಬಿಯಲ್ಲೇ ಉಂಡವಳು. ಅವರದೂ ನಮ್ಮಂತೆ ನೇಕಾರರ ಮನೆ. "ಒಂದ ಹಾಕು, ಆಡಿ ನೋಡು, ಆಮ್ಯಾಲ ಇನ್ನೊಂದು. ಎಲ್ಲಾ ಒಮ್ಮೆಲೆ ತುರುಕಬ್ಯಾಡ," ಎಂದು ಫೋನಿನಲ್ಲಿ ಬೈಯುತ್ತಿದ್ದಳು.

ಸೀರೆಗೆ ದಡಿ ಬೇಕಲ್ಲ, ಅಂಚಿನ ಚಿತ್ತಾರ. ಅಪ್ಪ ಆಗಷ್ಟೇ ಹೊಸದೊಂದನ್ನು ಚೌಕದ ಕಾಗದದ ಮೇಲೆ ಬಿಡಿಸಿದ್ದ. ಒಂದು ಚೌಕವೆಂದರೆ ಒಂದು ಎಳೆ. ಮೊದಲ ಸೀರೆ ಮಗ್ಗದಿಂದ ಇಳಿಯುವ ತನಕ ಆ ಕಾಗದವನ್ನು ಬೇರೆ ನೇಕಾರರಿಗೆ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. ಬೀಗರು ಬಂದರೂ ಅಪ್ಪ ಅದರ ಮೇಲೆ ಟವೆಲ್ ಹಾಕುತ್ತಿದ್ದ. ಬೇರೆಯವರಾಗಿದ್ದರೆ ಅಂದಾಜಿಗೆ ನಾಲ್ಕು ಹೂವು ಬರೆದು ಕೈತೊಳೆದುಕೊಳ್ಳುತ್ತಿದ್ದರು. ನನಗೆ ಸುಳ್ಳು ದಡಿ ಬರೆಯಲು ಮನಸ್ಸಾಗಲಿಲ್ಲ. ಅಪ್ಪನಿಗೆ ಹೇಳದೆ, ಎಳೆಗೊಂದು ಚುಕ್ಕೆಯಂತೆ ಅವನದನ್ನೇ ಪೂರ್ತಿ ಕಂಪ್ಯೂಟರಿಗೆ ಇಳಿಸಿದೆ.

ಆದರೆ ರಾಣಿ ಅರಮನೆಯ ಮೆಟ್ಟಿಲಿಗೆ ಬಂದೊಡನೆ ಆಟ ನಿಂತುಹೋಗುತ್ತಿತ್ತು. ಎಂಟು ದಿನ ಒದ್ದಾಡಿದೆ.

"ಫೈಲ್ ಎಲ್ಲಾ ಕಳಿಸು, ನಾ ನೋಡ್ತೀನಿ. ಮೂಲ ಚಿತ್ರಾನೂ ಬೇಕು," ಎಂದಳು ಗೆಳತಿ. ನಾನು ಅನುಮಾನಿಸಿದಾಗ, "ನನ್ನ ಮ್ಯಾಲ ನಂಬಿಕಿ ಇಲ್ಲೇನು?" ಎಂದಳು.

ಇತ್ತು. ಕಳಿಸಿದೆ. ಎರಡೇ ದಿನದಲ್ಲಿ ಸರಿಮಾಡಿ ಕೊಟ್ಟಳು. ಚಿತ್ರ ವಿಪರೀತ ದೊಡ್ಡದಾಗಿತ್ತಂತೆ.

ಇತ್ತ ಜರಿ ಬರಲಿಲ್ಲವೆಂದು ಅಪ್ಪನ ಮಗ್ಗ ಎರಡು ತಿಂಗಳು ಕಾಯುತ್ತಲೇ ಇತ್ತು. ಅಷ್ಟರಲ್ಲಿ ಮಕ್ತಲ್‌ನಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ಎದುರಿಗೆ ಕೂತಾಕೆಯ ಸೀರೆ ನೋಡಿ ಅಪ್ಪ ಕಲಸಿದ ಅನ್ನ ಹಾಗೇ ಬಿಟ್ಟ. ಅದೇ ದಡಿ. "ಗದ್ವಾಲದಾಗ ತಗೊಂಡೆ. ಹೊಸಾದು ಬಂದೈತ್ರೀ," ಎಂದಳು ಆಕೆ, ಹೆಮ್ಮೆಯಿಂದ.

ಹೊರಗೆ ಹೋಗಿ ಗೆಳತಿಗೆ ಫೋನ್ ಮಾಡಿದೆ.

"ನಮ್ಮಪ್ಪ ನೋಡಿ ಚಂದ ಐತಿ ಅಂದ, ಕೊಟ್ಟೆ. ಆಟದಾಗ ಹಾಕೋ ಚಿತ್ರಕ್ಕ ಇಷ್ಟ್ಯಾಕ ಸಿಟ್ಟು?" ಎಂದಳು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವಳಿಗೆ ತಿಳಿಯದೆ ಆಯಿತೆಂದು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ. ಅವರ ಮನೆಯಲ್ಲೂ ಇಂಥ ಕಾಗದಗಳನ್ನು ಮುಚ್ಚಿಡುತ್ತಾರೆ, ನಾನೇ ಕಂಡಿದ್ದೇನೆ.

ಊರಿಗೆ ಮರಳುವ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ, "ನಿಮ್ಮ ಕಾಕಾನ ಕೊಟ್ಟಿರಬೇಕು. ಅವನೊಬ್ಬನ ನೋಡಿದ್ದು," ಎಂದ. ಒಡಹುಟ್ಟಿದ ತಮ್ಮನ ಮೇಲೆ ಅನುಮಾನ. ಇನ್ನು ಸುಮ್ಮನಿರಲು ಆಗಲಿಲ್ಲ.

"ಕಾಕಾ ಅಲ್ಲಪ್ಪಾ. ನಾನ ಕೊಟ್ಟೆ."

ರಾಣಿ, ಸೀರೆ, ನಿಂತುಹೋಗುತ್ತಿದ್ದ ಆಟ, ಎಲ್ಲ ಹೇಳಿದೆ. ಬೈದರೆ ಸಾಕೆಂದು ಕಾದೆ. ಅವನು ಕೇಳಿದ್ದು ಒಂದೇ ಮಾತು.

"ಈಗರ ಆಟ ಚಲೋ ನಡಿತೈತೇನವ್ವಾ?"

ಒಮ್ಮೆಯೂ ನಿಲ್ಲದೆ ನಡೆಯುತ್ತಿತ್ತು.