ಹತ್ತು ಸೆಕೆಂಡಿಗೊಮ್ಮೆ ಕೇಳು

2002ರಲ್ಲಿ ನಾನು ಬಿಜಾಪುರದ ಸಣ್ಣ ಕಂಪನಿಯೊಂದರ ಸರ್ವಿಸ್ ಎಂಜಿನಿಯರ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಂಪ್ಯೂಟರುಗಳೆಲ್ಲ ನನ್ನ ಕೊರಳಿಗೇ. ಅವುಗಳಲ್ಲಿ ಇಂದಿಗೂ ನೆನೆಯುವುದು ಮುದ್ದೇಬಿಹಾಳದ ಒಂದು ಸಹಕಾರಿ ಸಂಘದ ಕಂಪ್ಯೂಟರನ್ನು.

ಕರೆಂಟ್ ಹೋದಾಗಲೆಲ್ಲ ಅಲ್ಲಿ ಆ ದಿನದ ಫೈಲ್ ಕೆಡುತ್ತಿತ್ತು. ಬೈಸಿಕೊಳ್ಳುತ್ತಿದ್ದವಳು ಆಪರೇಟರ್ ಶಾಂತಾ. ಅವಳದು ತಾತ್ಕಾಲಿಕ ನೌಕರಿ, ಮನೆ ನಡೆಯುತ್ತಿದ್ದುದು ಅದರಿಂದಲೇ. ನಾನು ಹೋದ ದಿನ ಅಧ್ಯಕ್ಷ ಗೌಡರು ಕೌಂಟರಿನ ಜನರೆದುರೇ ಅವಳಿಗೆ ಅಂದರು: "ಯುಪಿಎಸ್ ಐತಿ, ಬ್ಯಾಟರಿ ಹೊಸಾದೈತಿ. ಇನ್ನೊಮ್ಮೆ ಕೆಟ್ರ ಬ್ಯಾರೆಯವರನ್ನ ತಗೊಳ್ತೇವಿ."

"ಕಂಪ್ಯೂಟರ್ ತಾನ ಬಂದ್ ಆಗ್ತೈತಿ ಅಂತ ಇವ್ರ ಕಂಪನಿಯವ್ರ ಹೇಳ್ಯಾರ್ರಿ," ಎಂದಳು ಶಾಂತಾ ನನ್ನತ್ತ ತೋರಿಸಿ. ಕಣ್ಣು ತುಂಬಿದ್ದವು. ನನಗೆ ಸಂಕಟವಾಯಿತು.

ಕರೆಂಟ್ ಹೋಗಲೆಂದು ಕಾದು ಕೂತೆ. ನಮ್ಮ ಕಡೆ ಅದಕ್ಕೆ ಬಹಳ ಕಾಯಬೇಕಿರಲಿಲ್ಲ. ದೀಪಗಳು ಆರಿದವು, ಜನರ ಕಡೆ ಮುಖ ಮಾಡಿದ್ದ ಟೇಬಲ್ ಫ್ಯಾನ್ ಮಾತ್ರ ದಿವಿನಾಗಿ ತಿರುಗುತ್ತಿತ್ತು! ಅದರ ವೈರು ಯುಪಿಎಸ್‌ಗೆ ಸೇರಿತ್ತು.

"ಬಿಸಲಾಗ ಬಂದ ಮಂದಿಗೆ ಗಾಳಿ ಬ್ಯಾಡೇನ್ರಿ ಸಾಹೇಬ್ರ?" ಎಂದ ಜವಾನ ಯಮನಪ್ಪ.

ಫ್ಯಾನಿನ ಭಾರವೂ ಬಿದ್ದು, ಹದಿನೈದು ನಿಮಿಷದ ಬ್ಯಾಟರಿ ಮೂರೇ ನಿಮಿಷಕ್ಕೆ ಮುಗಿಯಿತು. "ಕರೆಂಟ್ ಇದೆಯೇ, ಬ್ಯಾಟರಿ ಮೇಲಿದ್ದೀಯಾ?" ಎಂದು ಸಾಫ್ಟ್‌ವೇರ್ ಯುಪಿಎಸ್ಸನ್ನು ಆಗಾಗ ಕೇಳುತ್ತಿರುತ್ತದೆ. ಒಮ್ಮೆ ಕೇಳಿ ಮತ್ತೊಮ್ಮೆ ಕೇಳುವ ನಡುವಿನ ಅಂತರವೇ ಪೋಲಿಂಗ್ ಇಂಟರ್ವಲ್. ಇಲ್ಲಿ ನಮ್ಮ ಕಂಪನಿ ತುಂಬಿದ್ದು ಐದು ನಿಮಿಷ! ಸಾಫ್ಟ್‌ವೇರ್ ಕೇಳುವಷ್ಟರಲ್ಲಿ ಬ್ಯಾಟರಿಯೇ ಮುಗಿದಿರುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಫ್ಯಾನ್ ಕಿತ್ತಿಸಬಹುದಿತ್ತು. ಆದರೆ ನಾನು ಬಸ್ ಹತ್ತುವುದೇ ತಡ, ಯಮನಪ್ಪ ಅದನ್ನು ಮತ್ತೆ ಯುಪಿಎಸ್‌ಗೇ ಚುಚ್ಚುತ್ತಿದ್ದ. ಬಂದವರು ಬೆವರುವುದನ್ನು ನೋಡಿಕೊಂಡು ಕೂರುವ ಮಂದಿಯಲ್ಲ ನಮ್ಮವರು. ಕರೆಂಟ್ ಬಂದ ಮೇಲೆ, ಫ್ಯಾನ್ ಇರುತ್ತದೆಂದೇ ಲೆಕ್ಕ ಹಾಕಿದೆ. ಸೆಕೆಂಡಿಗೊಮ್ಮೆ ಕೇಳುವಂತೆ ಮಾಡಿದರೆ ಆ ಹಳೆಯ ಕಂಪ್ಯೂಟರ್ ಏದುಸಿರು ಬಿಟ್ಟು, ಟೈಪಿಂಗೇ ನಿಧಾನವಾಯಿತು. ಹತ್ತು ಸೆಕೆಂಡಿಗೆ ಸರಿಹೋಯಿತು. ಕರೆಂಟ್ ಕಣ್ಣು ಮಿಟುಕಿಸಿದಾಗಲೆಲ್ಲ ಕೆಲಸ ನಿಲ್ಲಬಾರದೆಂದು, ಒಂದು ನಿಮಿಷ ಪೂರ್ತಿ ಬ್ಯಾಟರಿ ಮೇಲಿದ್ದರಷ್ಟೇ ಬಂದ್ ಆಗುವಂತೆ ಮಾಡಿದೆ.

ಪರೀಕ್ಷೆಗೆ ಗೌಡರೇ ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತರು. ಫ್ಯಾನ್ ತಿರುಗುತ್ತಲೇ ಇತ್ತು. ನಿಮಿಷ ಕಳೆಯಿತು, ಕಂಪ್ಯೂಟರ್ ಫೈಲ್ ಉಳಿಸಿ ತಾನೇ ಬಂದ್ ಆಯಿತು. ಮತ್ತೆ ಶುರು ಮಾಡಿದರೆ ಎಲ್ಲವೂ ಇದ್ದ ಹಾಗೇ ಇತ್ತು.

ಗೌಡರು ಕೌಂಟರಿನತ್ತ ತಿರುಗಿದರು. "ತಂಗಿ, ನಿಂದೇನೂ ತಪ್ಪಿಲ್ಲ. ಮಂದಿ ಮುಂದ ಬೈದಿದ್ನಿ, ಮಂದಿ ಮುಂದನ ಹೇಳ್ತೇನಿ. ನಿನ್ನ ನೌಕರಿ ನಿಂದ."

ಅಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡ ದೊಡ್ಡವರನ್ನು ನಾನು ಹೆಚ್ಚು ಕಂಡಿಲ್ಲ. ಅವರಿಗೆ ಇಂದಿಗೂ ಕೃತಜ್ಞ. ಅಂದಿನಿಂದ, ಒಂದು ಸಲವಾದರೂ ಕರೆಂಟ್ ಹೋಗುವ ತನಕ ಜನರ ನಡುವೆ ಕೂರದೆ ಯಾವ ಊರಲ್ಲೂ ಆ ಪೋಲಿಂಗ್ ಅಂಕಿ ತುಂಬಲಿಲ್ಲ. ಯಂತ್ರ ಹೇಗೆ ನಡೆಯುತ್ತದೆಂಬುದು ಕಂಪನಿಗೆ ಗೊತ್ತು, ಜನ ಹೇಗೆ ನಡೆಯುತ್ತಾರೆಂಬುದು ಅಲ್ಲಿ ಕೂತರೇ ಗೊತ್ತು.

ಹೊರಡುವಾಗ ಶಾಂತಾ ಕಣ್ಣೊರೆಸಿಕೊಂಡು ಫ್ಯಾನನ್ನು ನನ್ನ ಕಡೆ ತಿರುಗಿಸಿದಳು. "ಬಸ್ಸಿಗೆ ಹೊತ್ತೈತ್ರಿ ಸರ್, ಗಾಳಿಗೆ ಕೂಡ್ರಿ."