ಒಂಬತ್ತು ವರ್ಷದ ದೊಡ್ಡಪ್ಪ

ಗೆಳೆಯರೇ, ಅರವತ್ತು ದಾಟಿದ ನಮ್ಮ ದೊಡ್ಡಪ್ಪನನ್ನು ಇವತ್ತು ತಿಪಟೂರಿನ ಸೈಬರ್ ಕೆಫೆಯಲ್ಲಿ ಅಮೆರಿಕದ ಕಾನೂನು ತಡೆದು ನಿಲ್ಲಿಸಿತು. ಅಮೆರಿಕದ ವೆಬ್‌ಸೈಟೊಂದರಲ್ಲಿ ಯಾರೋ ಕೊಬ್ಬರಿ ಎಣ್ಣೆ ವಿಷ ಎಂದು ಬರೆದಿದ್ದಾನೆ. ದೊಡ್ಡಪ್ಪ ಹೇಳಿದ ಉತ್ತರವನ್ನು ನಾನು ಹಾಕಲು ಹೋದರೆ ವೆಬ್‌ಸೈಟು ಅವರ ಹುಟ್ಟಿದ ದಿನ ಕೇಳಿತು.

"ನನ್ದು ಯಾವನಿಗ್ಲಾ ಗೊತ್ತು? ತೋಟಕ್ಕೆ ತೆಂಗಿನ ಸಸಿ ಇಟ್ಟ ದಿನ ನೆನಪೈತೆ, ಅದ್ನೇ ಹಾಕು" ಎಂದರು.

ಒಂಬತ್ತು ವರ್ಷದ ಹಿಂದಿನ ಆ ದಿನವನ್ನೇ ಹಾಕಿದೆ. "ನಿನಗಿನ್ನೂ ಹದಿಮೂರು ತುಂಬಿಲ್ಲ, ಅಪ್ಪನ ಒಪ್ಪಿಗೆ ತಾ" ಎಂದಿತು. ವರ್ಷ ತಿದ್ದಿದರೂ ಮೊದಲು ಹಾಕಿದ್ದನ್ನೇ ನೆನಪಿಟ್ಟುಕೊಂಡು ಒಳಗೆ ಬಿಡಲಿಲ್ಲ.

"ನಮ್ಮಪ್ಪನ್ನ ತೋಟದಾಗೇ ಮಣ್ಣು ಮಾಡಿವ್ನಿ ಕಣ್ಲಾ. ಎಬ್ಬಿಸ್ಕಂಡು ಬರ್ಲಾ?"

ಹದಿಮೂರು ತುಂಬದವರ ವಿವರವನ್ನು ಹೆತ್ತವರ ಒಪ್ಪಿಗೆಯಿಲ್ಲದೆ ವೆಬ್‌ಸೈಟುಗಳು ಪಡೆಯಬಾರದು ಎನ್ನುವ ಈ ಅಮೆರಿಕದ ಕಾನೂನು ಇರುವುದು ಮಕ್ಕಳನ್ನು ಕಾಪಾಡಲಿಕ್ಕಂತೆ. ಇವತ್ತು ಅದು ಕಾಪಾಡಿದ್ದು ಎಣ್ಣೆ ವಿಷ ಎಂದವನನ್ನು, ನಮ್ಮ ದೊಡ್ಡಪ್ಪನ ಬಾಯಿಂದ.